ಯಾರ ಪಾಲಿಗೂ ಬಾರದ ಮೊಲ

ಒಂದು ಕಾಲ ಇತ್ತಂತೆ. ಯಾವ ಕಾಲ ಅಂತ ಕೇಳಬೇಡ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಆ ಕಾಲದಲ್ಲಿ ಎಲಚಿಕುಂಟೆ ಅಂತ ಒಂದು ಊರಂತೆ. ರಾಜ ಇದ್ದನಾ? ಇದ್ದಿರಬಹುದು. ಈ ಕತೆಯೊಳಗೆ ಅವನು ಬರೋದಿಲ್ಲ, ಬಂದಿದ್ದರೂ ಏನೂ ಮಾಡ್ತಿರಲಿಲ್ಲ. ಕಾಲು ಹೊದಿಕೆಯೊಳಗೆ ಹಾಕ್ಕೋ.

ಆ ಊರಲ್ಲಿ ಒಬ್ಬ ಗೌಡನಿಗೆ ಮೂರು ಜನ ಗಂಡುಮಕ್ಕಳಂತೆ. ದೊಡ್ಡವನು ತಿಮ್ಮೇಗೌಡ, ನಡುವಿನವನು ಕೆಂಚೇಗೌಡ, ಕಿರಿಯವನು ಬೋರೇಗೌಡ. ಮೂವರ ಹಿಂದೆ ಒಬ್ಬಳು ತಂಗಿ, ತಾಯಮ್ಮ ಅಂತ. ಅವಳನ್ನ ಪಕ್ಕದೂರಿಗೆ ಕೊಟ್ಟಿದ್ದರಂತೆ. ಗೌಡ ಮುದುಕನಾದ ಮೇಲೆ ಒಂದು ದಿನ ಸಂತೆಯಿಂದ ಬಿಳೀ ಮೊಲ ತಂದನಂತೆ. ಯಾಕೆ ತಂದ ಅಂತ ಯಾರಿಗೂ ಹೇಳಲಿಲ್ಲ. ದಿನಾ ಬೆಳಗ್ಗೆ ತಾನೇ ಬದುವಿಗೆ ಹೋಗಿ ಗರಿಕೆ ಕಿತ್ತು ತಂದು ಹಾಕೋನಂತೆ, ಅದು ತಿನ್ನೋದನ್ನ ನೋಡ್ತಾ ಕೂತಿರೋನಂತೆ. ಆಮೇಲೆ ಗೌಡ ಸತ್ತುಹೋದ.

ಅಪ್ಪ ಹೋದಮೇಲೆ ಮಕ್ಕಳು ಪಾಲಾದರಂತೆ. ಪಂಚಾಯಿತಿಯವರು ಬಂದು ಕೂತು ಹೊಲ ಮೂರು ಮಾಡಿದರು, ಮನೆ ಮೂರು ಮಾಡಿದರು, ಹಿತ್ತಾಳೆ ಹಂಡೆ, ಕಬ್ಬಿಣದ ನೇಗಿಲು, ಹಳೇ ಕಂಬಳಿ ಎಲ್ಲ ಮೂರು ಮಾಡಿದರು. ಅಂಗಳದೊಳಗೆ ಎರಡು ಗೋಡೆ ಎದ್ದವು. ಬಾವಿ ಮಾತ್ರ ಮೂರು ಮಾಡೋಕೆ ಬರಲಿಲ್ಲ. ಅದು ಸಾಮಾಯಿಕ, ಅಂದರೆ ಮೂವರಿಗೂ ಸೇರಿದ್ದು, ಹಾಗೇ ಇರಲಿ ಅಂದರಂತೆ. ಎದ್ದು ಹೊರಡೋ ಹೊತ್ತಿಗೆ ಯಾರೋ, ಮತ್ತೆ ಈ ಮೊಲ? ಅಂದರಂತೆ. ಪಂಚಾಯಿತಿಯವರಿಗೆ ಹೊಟ್ಟೆ ಹಸಿದಿತ್ತು. ಅದೂ ಸಾಮಾಯಿಕ ಅಂತ ಹೇಳಿ ಊಟಕ್ಕೆ ನಡೆದರಂತೆ.

ಆಮೇಲೆ ಮೊಲದ ಪಂಜರ ತಂದು ಬಾವಿ ಪಕ್ಕ ಇಟ್ಟರು. ಮೂವರದು ಅಲ್ಲವಾ? ತಿಮ್ಮೇಗೌಡ ಕೆಂಚ ಹಾಕಿರ್ತಾನೆ ಅಂದುಕೊಂಡನಂತೆ, ಕೆಂಚೇಗೌಡ ಬೋರ ಹಾಕಿರ್ತಾನೆ ಅಂದುಕೊಂಡನಂತೆ, ಬೋರೇಗೌಡ ದೊಡ್ಡವರಿದ್ದಾರೆ ನನಗ್ಯಾಕೆ ಅಂದುಕೊಂಡನಂತೆ. ಹಸು ಆಗಿದ್ದರೆ ಕೂಗ್ತಿತ್ತು, ನಾಯಿ ಆಗಿದ್ದರೆ ಬೊಗಳ್ತಿತ್ತು. ಮೊಲ ಏನೂ ಅನ್ನೋದಿಲ್ಲ. ಮೂಲೆಯಲ್ಲಿ ಕೂತು ಮೂಗು ಅಲ್ಲಾಡಿಸುತ್ತೆ, ಅಷ್ಟೇ. ನೀರು ಸೇದೋರು ಯಾರಾದರೂ ಸೊಪ್ಪಿನ ಕಡ್ಡಿ ಎಸೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೇದಿದ ನೀರು ಚೆಲ್ಲಿ ಪಂಜರದ ತಳ ಯಾವಾಗಲೂ ಒದ್ದೆ. ಉಗುರು ಬೆಳೆದು ಸುರುಳಿ ಸುತ್ತಿದ್ದವಂತೆ.

ಹೆಸರಾ? ಅದಕ್ಕೆ ಹೆಸರಿರಲಿಲ್ಲ. ಮೂವರೂ ಕೂತು ಒಂದು ಹೆಸರಿಗೆ ಒಪ್ಪಬೇಕಿತ್ತಲ್ಲ.

ಹೀಗಿರೋವಾಗ ಗೌರಿ ಹಬ್ಬ ಬಂತು, ತಾಯಮ್ಮ ತವರಿಗೆ ಬಂದಳಂತೆ. ಬಂದವಳು ಕಾಲು ತೊಳೆಯೋಕೆ ಬಾವಿ ಹತ್ತಿರ ಹೋದಳು. ಪಂಜರದೊಳಗೆ ಕೊಳಕು ಹತ್ತಿಯ ಉಂಡೆ ತರ ಏನೋ ಕಂಡಿತು. ಬಗ್ಗಿ ನೋಡಿದರೆ ಅಪ್ಪನ ಮೊಲ. ಕೈ ಹಾಕಿ ಎತ್ತಿಕೊಂಡರೆ ಭಾರವೇ ಇಲ್ಲ. ತಾಯಮ್ಮ ಅಳಲಿಲ್ಲವಂತೆ. ಹಿತ್ತಿಲಿಗೆ ಹೋಗಿ ಗರಿಕೆ ಕಿತ್ತು ತಂದು ಹಾಕಿ, ತಳಕ್ಕೆ ಒಣಹುಲ್ಲು ಹಾಸಿ, ಆಮೇಲೆ ಅಣ್ಣಂದಿರನ್ನ ಕೇಳೋಕೆ ಹೋದಳಂತೆ.

ದೊಡ್ಡಣ್ಣನ್ನ ಕೇಳಿದರೆ, ಅಯ್ಯೋ ನಾನು ಹಾಕಬೇಡ ಅಂದ್ನಾ, ಕೆಂಚನ್ನ ಕೇಳವ್ವ ಅಂದನಂತೆ. ಕೆಂಚಣ್ಣನ್ನ ಕೇಳಿದರೆ, ಎಲ್ಲಾದಕ್ಕೂ ನಾನೇನಾ, ಕಿರಿಯೋನಿಗೆ ಕೈ ಇಲ್ವಾ ಅಂದನಂತೆ. ಬೋರಣ್ಣನ್ನ ಕೇಳಿದರೆ, ನಾನು ಹಾಕಿದರೆ ನಾಳೆ ಇವರಿಬ್ಬರೂ ನೋಡು ಬೋರ ಮೊಲ ಹೊಡ್ಕೊಳ್ಳೋಕೆ ನೋಡ್ತಾನೆ ಅಂತಾರೆ ಕಣಮ್ಮಿ ಅಂದನಂತೆ. ಇದರಲ್ಲಿ ಬೋರಣ್ಣನ ಮಾತು ಸ್ವಲ್ಪ ನಿಜ. ಮೊಲಕ್ಕೆ ಅದರಿಂದ ಉಪಯೋಗ ಇಲ್ಲ.

ಸರಿ, ಹಾಗಾದರೆ ಯಾರಿಗಾದರೂ ಕೊಟ್ಟುಬಿಡೋಣ ಅಂದಳಂತೆ ತಾಯಮ್ಮ. ಇಷ್ಟು ದಿನ ತಿರುಗಿ ನೋಡದೆ ಇದ್ದವರು ಆಗ ತಿರುಗಿದರು. ನೋಡು, ಯಾರೂ ಕೇಳದ ವಸ್ತುವನ್ನ ಒಬ್ಬರು ಕೇಳಿದರೆ ಅದಕ್ಕೆ ಬೆಲೆ ಬಂದುಬಿಡುತ್ತೆ. ನನ್ನದೇನೂ ಅಡ್ಡಿ ಇಲ್ಲ, ಅವರಿಬ್ಬರೂ ಮೊದಲು ಹೂಂ ಅನ್ನಲಿ ಅಂದನಂತೆ ದೊಡ್ಡವನು. ಮಿಕ್ಕ ಇಬ್ಬರೂ ಅದನ್ನೇ ಅಂದರಂತೆ. ಮೊದಲು ಹೂಂ ಅಂದವನು ಸೋತ ಹಾಗೆ. ಕೆಂಚೇಗೌಡನಂತೂ ದನಿ ಇಳಿಸಿ, ಬಿಡು ತಾಯೀ, ಇನ್ನು ಸ್ವಲ್ಪ ದಿನಕ್ಕೆ ಅದೇ ಹೋಗುತ್ತೆ, ಆಮೇಲೆ ಯಾರಿಗೂ ಜಗಳ ಇರೋಲ್ಲ ಅಂದನಂತೆ.

ಆಗ ತಾಯಮ್ಮನಿಗೆ ಅರ್ಥ ಆಯ್ತಂತೆ, ತಾನು ಹಬ್ಬ ಮುಗಿಸಿ ಗಾಡಿ ಹತ್ತಿದ ದಿನಕ್ಕೆ ಈ ಮೊಲದ ದಿನ ಮುಗೀತು ಅಂತ. ತಾನೇ ಕರ್ಕೊಂಡು ಹೋಗೋಣ ಅಂದರೆ ಅವಳ ಗಂಡನ ಮನೆಯಲ್ಲಿ ಎರಡು ಬೇಟೆನಾಯಿ. ಮೊಲಕ್ಕೆ ಅದು ಮನೆ ಅಲ್ಲ. ಅದಕ್ಕೇ, ಹೋಗೋದರೊಳಗೆ ಎಲ್ಲಾದರೂ ಒಂದು ಒಳ್ಳೇ ಜಾಗ ನೋಡಬೇಕು ಅಂತ ಹೊರಟಳಂತೆ.

ಮೊದಲು ಪಟೇಲರ ಮನೆಗೆ ಹೋದಳು. ದೊಡ್ಡ ಮನೆ, ತುಂಬಾ ಮಕ್ಕಳು. ಮೊಲ ಅಂದಕೂಡಲೇ ಮಕ್ಕಳೆಲ್ಲ ಕುಣಿದವಂತೆ, ನನಗೆ ನನಗೆ ಅಂತ. ಪಟೇಲನ ಹೆಂಡತಿ, ನಮ್ಮ ಮಕ್ಕಳಿಗೆ ಪ್ರಾಣಿ ಅಂದರೆ ಪ್ರಾಣ ಕಣಮ್ಮ, ಇವತ್ತೇ ತಂದುಬಿಡು ಅಂದಳಂತೆ. ತಾಯಮ್ಮ ಕಣ್ಣಾಡಿಸಿದರೆ ಜಗಲಿ ಮೇಲೆ ಒಂದು ಖಾಲಿ ಪಂಜರ. ಇದು ಯಾರದು? ಗಿಣಿದು, ಪಾಪ ಇಲ್ಲ ಈಗ. ಕಂಬದಲ್ಲಿ ಒಂದು ಹಗ್ಗ. ಇದು? ಕುರಿಮರಿದು, ಅದೂ ಪಾಪ. ಮೂಲೆಯಲ್ಲಿ ಒಂದು ಪುಟ್ಟ ತೊಟ್ಟಿ. ಅದರಲ್ಲಿ ಏನಿತ್ತು ಅಂತ ಕೇಳದೆ ತಾಯಮ್ಮ, ಬರ್ತೀನಿ ಅಕ್ಕ ಅಂತ ಎದ್ದುಬಂದಳಂತೆ.

ಆಮೇಲೆ ಮಠಕ್ಕೆ ಹೋದಳು. ಮಠದ ಅಯ್ಯನವರು ಕಣ್ಣು ಮುಚ್ಚಿಕೊಂಡೇ ಎಲ್ಲಾ ಕೇಳಿದರಂತೆ. ಬಿಳೀ ಮೊಲ ಅಂದಾಗ ಒಂದು ಕಣ್ಣು ತೆರೆದರಂತೆ. ಚಂದ್ರನೊಳಗಿರೋ ಮೊಲವೇ ಇಳಿದುಬಂದಿದೆ ತಾಯೀ, ಕರ್ಕೊಂಡು ಬಾ, ಬೆಳ್ಳಿ ತೊಟ್ಟಿಲು ಮಾಡಿಸೋಣ, ಭಕ್ತರು ಬಂದು ಪಾಯಸ ತಿನ್ನಿಸ್ತಾರೆ, ಹೋಳಿಗೆ ತಿನ್ನಿಸ್ತಾರೆ ಅಂದರಂತೆ. ಬುದ್ಧೀ, ಅದಕ್ಕೆ ಹುಲ್ಲು ಸಾಕು ಅಂದಳಂತೆ ತಾಯಮ್ಮ. ದೇವರ ಮೊಲಕ್ಕೆ ಹುಲ್ಲಾ, ಅಂತ ಅಯ್ಯನವರು ನಕ್ಕರಂತೆ. ಹೋಳಿಗೆ ತಿಂದ ಮೊಲ ಎರಡು ಹಬ್ಬ ಉಳಿಯೋದಿಲ್ಲ. ಪಂಜರದಲ್ಲಿ ಹಸಿದು ಸಾಯೋದು, ತೊಟ್ಟಿಲಲ್ಲಿ ತಿಂದು ಸಾಯೋದು, ಇದರಲ್ಲಿ ಆರಿಸೋಕೇನಿದೆ? ತಾಯಮ್ಮ ಅಡ್ಡಬಿದ್ದು ವಾಪಸು ಬಂದಳಂತೆ.

ಮೂರನೇದಾಗಿ, ಊರ ಹೊರಗೆ ಗಾಡಿದಾರಿ ಪಕ್ಕ ಸೊಪ್ಪು ಬೆಳೆಯೋ ಪಿಳ್ಳಮ್ಮನ ತೋಟಕ್ಕೆ ಹೋದಳು. ಪಿಳ್ಳಮ್ಮ ದಂಟಿನ ಮಡಿಯಲ್ಲಿ ಕೂತು ಕಳೆ ಕೀಳ್ತಿದ್ದಳಂತೆ. ಮೊಲದ ವಿಷಯ ಹೇಳಿದರೆ ತಲೆ ಎತ್ತದೇನೇ ಕೇಳಿದಳಂತೆ.

ತಿನ್ನೋಕಾ, ಸಾಕೋಕಾ?

ಸಾಕೋಕೆ.

ದಿನಕ್ಕೆ ಎಷ್ಟು ಹಿಕ್ಕೆ ಹಾಕುತ್ತೆ?

ಅದ್ಯಾಕೆ ಅಂದಳಂತೆ ತಾಯಮ್ಮ. ಪಿಳ್ಳಮ್ಮ ಹೇಳಿದಳು. ಮೊಲದ ಹಿಕ್ಕೆ ಮೆಂತ್ಯ ಸೊಪ್ಪಿಗೆ ಬಲು ಒಳ್ಳೇ ಗೊಬ್ಬರ ಅಂತೆ, ಅವಳತ್ತೆ ಹೇಳ್ತಿದ್ದಳಂತೆ. ತಿಂದಷ್ಟೂ ಹಾಕುತ್ತೆ, ಹೊಟ್ಟೆ ತುಂಬ ಹಾಕಿದರೆ ತಾನೇ ಅದೂ ಹಾಕೋದು? ಅಲ್ಲಿ ನೋಡು, ಕಲ್ಲು ಕಟ್ಟಿದ ಹಳೇ ಕೋಳಿಗೂಡಿದೆ, ಒಳಗೆ ಒಣಗಿದೆ, ನಾಯಿ ನುಗ್ಗೋಲ್ಲ. ಕಿತ್ತ ಕಳೆಯನ್ನೆಲ್ಲ ದಾರಿಗೆ ಎಸೀತಿದ್ದೀನಿ, ಅದಕ್ಕೇ ಹಾಕ್ತೀನಿ ಅಂದಳಂತೆ. ಪ್ರೀತಿ ಗೀತಿ ಅಂತ ಒಂದು ಮಾತೂ ಆಡಲಿಲ್ಲ. ತಾಯಮ್ಮ ಗೂಡಿನೊಳಗೆ ತಲೆ ಹಾಕಿ ನೋಡಿದಳು. ಒಣಗಿತ್ತು. ಬಾಗಿಲಿಗೆ ಅಗುಳಿ ಇತ್ತು. ಇದೇ ಮನೆ ಅಂತ ಅವಳಿಗೆ ಗಟ್ಟಿಯಾಯ್ತಂತೆ.

ಆದರೆ ಪಿಳ್ಳಮ್ಮ ಮೇಲೆದ್ದು ಸೊಂಟ ನೀವಿಕೊಂಡು ಒಂದು ಮಾತು ಅಂದಳಂತೆ. ಅಮ್ಮಯ್ಯ, ನಿಮ್ಮಣ್ಣಂದಿರು ಮೂವರೂ ಕೊಟ್ಟರೆ ತಗೋತೀನಿ, ಒಬ್ಬರು ಕೊಟ್ಟರೆ ನನಗೆ ಬೇಡ. ಹೋದ ವರ್ಷ ಅವರಲ್ಲಿ ಒಬ್ಬರು ನಿಮ್ಮನೆ ಹಳೇ ಒರಳುಕಲ್ಲು ಕೊಟ್ಟರು. ಆಮೇಲೆ ಮಿಕ್ಕವರು ಒಬ್ಬರಾದ ಮೇಲೆ ಒಬ್ಬರು ಬಂದು, ನನ್ನ ಕೇಳದೆ ಹೇಗೆ ತಂದೆ ಅಂತ ಬಾಯಿ ಮಾಡಿದರು. ಕೊನೆಗೆ ಉರುಳಿಸಿಕೊಂಡು ಹೋಗಿ ನಿಮ್ಮ ಬಾಗಿಲಲ್ಲಿ ಹಾಕಿಬಂದೆ. ಕಲ್ಲಾದರೆ ಉರುಳಿಸಬಹುದು. ಉಸಿರಾಡೋದನ್ನ ಮನೆಯಿಂದ ಮನೆಗೆ ಉರುಳಿಸೋಕಾಗುತ್ತಾ?

ಅದೂ ಸರಿಯೇ. ತಾಯಮ್ಮ ಮನೆಗೆ ಬಂದು, ಮೊಲಕ್ಕೆ ಹುಲ್ಲು ಹಾಕಿ, ಹಬ್ಬದ ಕೆಲಸ ನೋಡಿದಳಂತೆ.

ನಿದ್ದೆ ಬಂತಾ? ಇಲ್ಲವಾ? ಸರಿ, ಕೇಳು.

ಹಬ್ಬ ಮುಗೀತು, ಹೊರಡೋ ದಿನ ಬಂತು. ತವರಿಂದ ಹೊರಡೋ ಹೆಣ್ಣಿಗೆ ಮಡಿಲು ತುಂಬಬೇಕಲ್ಲ. ಮಣೆ ಮೇಲೆ ಕೂರಿಸಿ ಸೆರಗಿನೊಳಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕೋದು. ಅವರ ಮನೆ ಪದ್ಧತಿಯಲ್ಲಿ ಅತ್ತಿಗೆಯರು ಅಕ್ಕಿ ಹಾಕಿದ ಮೇಲೆ ಅಣ್ಣಂದಿರು ಒಂದೊಂದು ವೀಳ್ಯದೆಲೆ ಇಟ್ಟು, ತವರು ಕೊಟ್ಟಿದ್ದು ತಗೋ ಅನ್ನಬೇಕಂತೆ. ಹಾಗಂದಮೇಲೆ ಮಡಿಲಲ್ಲಿರೋದಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ. ನಮ್ಮ ನಡುಮನೆಗೆ ಬಾ ಅಂದಳಂತೆ ದೊಡ್ಡತ್ತಿಗೆ. ಮೊದಲು ನಮ್ಮನೆಗೆ ಅಂದಳಂತೆ ನಡುವಿನವಳು. ನಾವೇನು ಲೆಕ್ಕಕ್ಕಿಲ್ವಾ ಅಂದಳಂತೆ ಕಿರಿಯವಳು. ತಾಯಮ್ಮ ಹೇಳಿದಳಂತೆ, ಅತ್ತಿಗೇರಾ, ನನಗಿರೋದು ಒಂದೇ ಮಡಿಲು, ಮೂರು ಮಾಡೋಕೆ ಬರೋಲ್ಲ. ಬಾವಿ ಹತ್ತಿರ ಕೂರ್ತೀನಿ, ಎಲ್ಲರೂ ಅಲ್ಲಿಗೇ ಬನ್ನಿ ಅಂತ.

ಅವರು ಮೊರ ತರೋಕೆ ಹೋದಾಗ ತಾಯಮ್ಮ ಪಂಜರದಿಂದ ಮೊಲ ತೆಗೆದು ಸೆರಗಿನೊಳಗೆ ಮಲಗಿಸಿಕೊಂಡು ಮಣೆ ಮೇಲೆ ಕೂತಳಂತೆ. ಮೊಲದ ಮೈ ಮೊದಲೇ ತೊಳೆದು ಒರೆಸಿದ್ದಳು, ಬೆಳ್ಳಗಿತ್ತು. ಅತ್ತಿಗೆಯರು ಬಂದು ಅಕ್ಕಿ ಸುರಿದರು. ಯಾರೂ ಮಡಿಲು ನೋಡಲಿಲ್ಲವಂತೆ. ದೊಡ್ಡವಳು ನಡುವಿನವಳ ಬೊಗಸೆ ನೋಡ್ತಿದ್ದಳು, ನಡುವಿನವಳು ಕಿರಿಯವಳ ಬೊಗಸೆ ನೋಡ್ತಿದ್ದಳು, ಯಾರು ಎಷ್ಟು ಹಾಕ್ತಾರೆ ಅಂತ. ಬಿಳೀ ಮೊಲದ ಸುತ್ತ ಬಿಳೀ ಅಕ್ಕಿ ತುಂಬಿತು.

ಆಮೇಲೆ ಅಣ್ಣಂದಿರು. ತಿಮ್ಮೇಗೌಡ ಎಲೆ ಇಟ್ಟು, ತವರು ಕೊಟ್ಟಿದ್ದು ತಗೋ ತಾಯೀ ಅಂದ. ಕೆಂಚೇಗೌಡ ಎಲೆ ಇಟ್ಟು, ತಗೋ ತಾಯೀ ಅಂದ. ಬೋರೇಗೌಡ ಎಲೆ ಇಟ್ಟು, ತಗೋ ಅಂದವನು ಬಾಯಿ ತೆರೆದುಕೊಂಡೇ ನಿಂತನಂತೆ. ಅವನಿಟ್ಟ ಎಲೆ ಅಕ್ಕಿಯೊಳಕ್ಕೆ ಕರಕರ ಅಂತ ಹೋಗ್ತಾ ಇತ್ತು.

ಅದು ಸಾಮಾಯಿಕ! ಅಂತ ಕೂಗಿದನಂತೆ ತಿಮ್ಮೇಗೌಡ.

ಹೌದಣ್ಣ, ಅದಕ್ಕೇ ಮೂವರೂ ಸೇರಿ ಕೊಟ್ಟಿರಲ್ಲ, ಅಂದಳಂತೆ ತಾಯಮ್ಮ.

ನಾವು ಕೊಟ್ಟಿದ್ದು ಎಲೆ ಅಂದನಂತೆ ಕೆಂಚೇಗೌಡ. ಹಾಗಾದರೆ ಮೊಲ ತೆಗೆದುಕೊಳ್ಳಣ್ಣ, ನಾನು ಬೇಡ ಅನ್ನೋಲ್ಲ, ಅಂತ ತಾಯಮ್ಮ ಮಡಿಲು ಮುಂದಕ್ಕೆ ಚಾಚಿದಳಂತೆ. ಮೊಲ ಮೂಗು ಅಲ್ಲಾಡಿಸ್ತಾ ಎಲೆ ತಿಂತಾ ಇತ್ತು.

ತೆಗೆಯೋರು ಯಾರು? ಗೌರಿ ಹಬ್ಬಕ್ಕೆ ಬಂದ ತಂಗಿ ಮಡಿಲಿಗೆ ಕೈ ಹಾಕಿದವನ ಹೆಸರು ಊರೆಲ್ಲ ಆಗುತ್ತೆ, ಆಗೋ ಹಾಗೆ ಮಿಕ್ಕ ಇಬ್ಬರೂ ನೋಡ್ಕೋತಾರೆ. ತಿಮ್ಮೇಗೌಡ ಕೆಂಚನ್ನ ನೋಡಿದನಂತೆ, ಕೆಂಚೇಗೌಡ ಬೋರನ್ನ ನೋಡಿದನಂತೆ, ಬೋರೇಗೌಡ ದೊಡ್ಡವರಿದ್ದಾರೆ ಅಂತ ಸುಮ್ಮನೆ ನಿಂತನಂತೆ. ತಾಯಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಮೂವರಿಗೂ ನಮಸ್ಕಾರ ಮಾಡಿ, ಸೆರಗು ಕಟ್ಟಿಕೊಂಡು ಗಾಡಿ ಹತ್ತಿದಳಂತೆ.

ಗಾಡಿ ಪಿಳ್ಳಮ್ಮನ ತೋಟದ ಹತ್ತಿರ ನಿಂತಿತು. ಮೂವರೂ ಕೊಟ್ಟರಾ ಅಂತ ಕೇಳಿದಳಂತೆ ಪಿಳ್ಳಮ್ಮ. ಅವರ ಕೈಯ ಎಲೆ ಸಮೇತ ಕೊಟ್ಟರು, ಊರೇ ನೋಡಿದೆ ಅಂದಳಂತೆ ತಾಯಮ್ಮ. ಊರೆಲ್ಲಿ ನೋಡಿತ್ತು? ಅತ್ತಿಗೆಯರು ನೋಡಿದ್ದರು. ಒಂದೇ ಬಿಡು. ಪಿಳ್ಳಮ್ಮ ಮೊಲ ಎತ್ತಿ ಹಲ್ಲು ನೋಡಿದಳು, ಕತ್ತರಿ ತಂದು ಉಗುರು ಕತ್ತರಿಸಿದಳು, ಗೂಡಿಗೆ ಬಿಟ್ಟು ಒಂದು ಹೊರೆ ಕಳೆ ಹಾಕಿ ಅಗುಳಿ ಜಡಿದಳಂತೆ.

ಅಣ್ಣಂದಿರಾ? ಒಂದಾಗಲಿಲ್ಲ. ಗೋಡೆ ಹಾಗೇ ಇತ್ತಂತೆ. ಮೊಲ ಹೋಯ್ತು ಅಂತ ಗೋಡೆ ಯಾಕೆ ಬೀಳುತ್ತೆ?

ಮುಂದಿನ ಗೌರಿ ಹಬ್ಬಕ್ಕೆ ತಾಯಮ್ಮ ಬರೋವಾಗ ತೋಟದ ಹತ್ತಿರ ಗಾಡಿ ನಿಲ್ಲಿಸಿದಳಂತೆ. ಮೆಂತ್ಯ ಸೊಪ್ಪು ಎದೆಯುದ್ದ ಎದ್ದಿತ್ತಂತೆ. ಅಷ್ಟುದ್ದ ಮೆಂತ್ಯ ಎಲ್ಲೂ ಬೆಳೆಯೋಲ್ಲ, ಆದರೂ ನನಗೆ ಹಾಗೇ ಹೇಳಿದ್ದರು. ಗೂಡಿನೊಳಗೆ ದಪ್ಪ ಮೊಲ ಕೂತಿತ್ತು. ತಾಯಮ್ಮನ್ನ ನೋಡಿ ಓಡಿಬಂತಾ ಅಂದರೆ, ಬರಲಿಲ್ಲ. ಗುರುತೂ ಹಿಡಿಯಲಿಲ್ಲವಂತೆ. ತಾಯಮ್ಮ ದಾರಿಯಲ್ಲಿ ಕಿತ್ತುಕೊಂಡು ಬಂದಿದ್ದ ಗರಿಕೆಯನ್ನ ಸಂದಿಯಿಂದ ಒಳಗೆ ಚಾಚಿದಳು.

ಮಡಿಯಿಂದ ಪಿಳ್ಳಮ್ಮ ಕೂಗಿದಳಂತೆ, ಹಾಕಬೇಡಿ ಅಮ್ಮಯ್ಯ, ಬೆಳಗ್ಗೆ ನಾನು ಹಾಕಿದ್ದೀನಿ, ಹೊಟ್ಟೆ ತುಂಬಿದೆ.

ತಾಯಮ್ಮ ಗರಿಕೆ ವಾಪಸು ತಗೊಂಡಳಂತೆ. ನಗುನಗುತ್ತಾ ಗಾಡಿ ಹತ್ತಿದಳಂತೆ.

ಅಷ್ಟೇ, ಕತೆ ಅಲ್ಲಿಗೆ ಆಯ್ತು. ಕಣ್ಣು ಮುಚ್ಚು, ದೀಪ ಆರಿಸ್ತೀನಿ.