ತಾಯಿಯವರು ಹಿಡಿದ ಪಾದಗಳು

ಬಸರಿಗಟ್ಟಿಯ ನೇಕಾರರ ಓಣಿಯಲ್ಲಿ ಪೂಜ್ಯ ನಿಂಬೆವ್ವ ತಾಯಿಯವರಿಗೆ ಮಠವೆಂದು ಇದ್ದದ್ದು ಒಂದು ತಗಡಿನ ಸೂರು, ಒಂದು ರಾಟೆ. ಕೊನೆಗಾಲದವರೆಗೂ ಅವರು ನೇಕಾರರಿಗೆ ನೂಲು ಸುತ್ತಿಕೊಟ್ಟೇ ಉಂಡರು. ದರ್ಶನಕ್ಕೆ ಬಂದವರು ರಾಟೆಯ ಸದ್ದಿನ ನಡುವೆಯೇ ತಮ್ಮ ಕಷ್ಟ ಹೇಳಿಕೊಳ್ಳಬೇಕಾಗಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಮುದಕಪ್ಪನೆಂಬ ನೇಕಾರ ತನ್ನ ತಮ್ಮ ತಿಪ್ಪಣ್ಣನನ್ನು ರಟ್ಟೆ ಹಿಡಿದು ಕರೆತಂದ. ತಿಪ್ಪಣ್ಣನಿಗೆ ಹದಿನಾರು ವರ್ಷಗಳಿಂದ ಅರೆತಲೆನೋವು. ಹಣೆಗೆ ಒದ್ದೆ ಬಟ್ಟೆ ಸುತ್ತಿತ್ತು. ಬೆಳಕಿಗೆ ಕಣ್ಣು ಬಿಡಲಾರದೆ ಗೋಡೆಗೆ ಒರಗಿ ಕುಳಿತ. ವಾದಿಸುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

“ವಾರದಾಗ ಎರಡು ದಿನ ಮಲಗ್ತಾನ್ರೀ ಅವ್ವಾರ. ಕೇಳಿದ್ರ ಅರ್ಧ ತಲಿ ನೋಯ್ತೈತಿ ಅಂತಾನ. ಉಳಿದರ್ಧ ತಲೀಲೆ ನೇಯಾಕ ಬರೂದಿಲ್ಲೇನ್ರೀ?” ಎಂದ ಮುದಕಪ್ಪ. “ಉಷ್ಣ ಅಂತ ಕೊಡಗಟ್ಟಲೆ ತಣ್ಣೀರು ಹೊಯ್ದೀವಿ, ಗಂಧ ಹಚ್ಚೀವಿ. ಇನ್ನ ಸಾಕು. ಸುಳ್ಳಲ್ಲ ಅಂತ ನಿಮ್ಮ ಪಾದ ಮುಟ್ಟಿ ಆಣಿ ಮಾಡ್ಲಿ. ಇಲ್ಲಂದ್ರ ಇವತ್ತ ಮನಿಯಿಂದ ಬ್ಯಾರೆ ಹಾಕ್ತೀನಿ. ಮಗ್ಗ ಮುಟ್ಟಂಗಿಲ್ಲ.”

ತಿಪ್ಪಣ್ಣ ತಾಯಿಯವರ ಪಾದ ಮುಟ್ಟಲು ಬಾಗಹೋದ. ಬಾಗಿದೊಡನೆ ತಲೆ ಸಿಡಿಯಿತು, ಹಿಂದಕ್ಕೆ ಒರಗಿದ.

“ನೋಡ್ರೀ, ಆಣಿ ಮಾಡಾಕ ಕೈ ಬರವಲ್ದು!” ಎಂದ ಮುದಕಪ್ಪ.

ರಾಟೆ ನಿಂತಿತು. ಎಪ್ಪತ್ತು ದಾಟಿದ ತಾಯಿಯವರು ಮೊಳಕಾಲು ಹಿಡಿದುಕೊಂಡು ಮೆಲ್ಲನೆ ಸರಿದು ಬಂದು, ತಿಪ್ಪಣ್ಣನ ಎರಡೂ ಪಾದಗಳನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು.

“ಅವ್ವಾರ! ನಮಗ ಪಾಪ ಹತ್ತತೈತ್ರೀ!” ಎಂದು ಮುದಕಪ್ಪ ಗಾಬರಿಯಾದ.

“ನೀನೂ ಹಿಡಿ,” ಎಂದರು ತಾಯಿಯವರು.

ಅಣ್ಣನಾದವನು ತಮ್ಮನ ಕಾಲು ಹಿಡಿಯುವುದು ಆ ಓಣಿಯಲ್ಲಿ ಇರಲಿಲ್ಲ. ಆದರೂ ಮುದಕಪ್ಪ ಕುಕ್ಕರಗಾಲಲ್ಲಿ ಕುಳಿತು ಹಿಡಿದ. ತಗಡು ಕಾದು ಮನುಷ್ಯರು ಬೇಯುವ ಹೊತ್ತಿನಲ್ಲಿ ಆ ಪಾದಗಳು ಬಾವಿಯ ತಳದ ಕಲ್ಲಿನಂತೆ ತಣ್ಣಗಿದ್ದವು. ತಮ್ಮನ ಕೈ ಮುಟ್ಟಿದ. ಕೈಯೂ ಹಾಗೇ.

“ಯಾವಾಗಿಂದೋ ಇದು?”

“ಮೊದಲ ಕಾಲು ತಣ್ಣಗಾಗ್ತಾವಣ್ಣ. ಆಮ್ಯಾಲೆ ತಲಿ ಹಿಡೀತೈತಿ,” ಎಂದ ತಿಪ್ಪಣ್ಣ, ಕಣ್ಣು ತೆರೆಯದೆ. “ತಲಿ ಬಿಟ್ಟು ಯಾರೂ ಏನೂ ಕೇಳಲಿಲ್ಲ.”

ಮನೆಯಲ್ಲೂ ಸುಡುವ ತಗಡಿನ ಕೆಳಗೆ ತಲೆ, ಮಗ್ಗದಡಿ ತೋಡಿದ ಹಸಿ ಗುಂಡಿಯೊಳಗೆ ಕಾಲು: ತಮ್ಮನನ್ನು ದಿನವೂ ಹಾಗೆ ಕೂರಿಸಿದವನು ತಾನೇ. ನಡುಗುವವನ ಮೇಲೆ ತಣ್ಣೀರು ಹೊಯ್ದವನೂ ತಾನೇ. ಮುದಕಪ್ಪ ಆ ಪಾದಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

“ಆಣಿ ಆತು. ಬೆಚ್ಚಗಾಗೂತನಕ ಬಿಡಬ್ಯಾಡ,” ಎಂದು ತಾಯಿಯವರು ರಾಟೆಗೆ ಮರಳಿದರು.

ಹೊತ್ತು ಇಳಿಯುವವರೆಗೆ ಮುದಕಪ್ಪ ಆ ಪಾದಗಳನ್ನು ತಿಕ್ಕುತ್ತ ಕುಳಿತಿದ್ದ.

ತಿಪ್ಪಣ್ಣನ ನೋವು ಪೂರ್ತಿ ಹೋಗಲಿಲ್ಲ; ಬರುವುದು ಕಡಿಮೆಯಾಯಿತು. ಮುದಕಪ್ಪ ಮಾತ್ರ ಬದುಕಿರುವತನಕ ದಿನಾ ಬೆಳಿಗ್ಗೆ, ತಿಪ್ಪಣ್ಣ ಮಗ್ಗಕ್ಕೆ ಇಳಿಯುವ ಮೊದಲು, ಬಾಗಿ ಅವನ ಪಾದ ಮುಟ್ಟಿ ನೋಡುತ್ತಿದ್ದ. ಓಣಿಯವರು ನಕ್ಕರು, ನಗಲಿ ಎಂದುಕೊಂಡ. ಪಾದ ತಣ್ಣಗಿದ್ದ ದಿನ, “ಇವತ್ತ ಬ್ಯಾಡ, ಕಂಬಳಿ ಹೊಚಗೊಂಡು ಮಲಕೋ,” ಎಂದು ಹೇಳಿ, ಆ ಹಸಿ ಗುಂಡಿಗೆ ತಾನೇ ಇಳಿಯುತ್ತಿದ್ದ.