ಐವತ್ತೇಳು ಹೊಗೆ

ಮೇಲ್ಸೀಮೆ, ಕೆಳಸೀಮೆ ಎಂದು ಎರಡು ರಾಜ್ಯಗಳು. ನಡುವೆ ಒಂದು ಹೊಳೆ. ಮೇಲ್ಸೀಮೆಯಲ್ಲಿ ಬಾಚಯ್ಯ ಎಂಬ ಗುರುಗಳ ವಿದ್ಯಾಪೀಠವಿತ್ತು. ಲೆಕ್ಕ, ವ್ಯಾಕರಣ, ತರ್ಕ ಎಲ್ಲ ಮುಗಿದ ಮೇಲೂ ಓದುವ ಹಟ ಉಳಿದವರಿಗೆ ಅಲ್ಲಿ ಇನ್ನೆರಡು ವರ್ಷದ ಪಾಠ. ರಾಜ್ಯ ರಾಜ್ಯಗಳ ನಡುವೆ ಯುದ್ಧ ಏಕೆ ಹುಟ್ಟುತ್ತದೆ, ಹುಟ್ಟದಂತೆ ಹೇಗೆ ಕಾಯಬೇಕು, ಇದೇ ವಿಷಯ. ಈಗಿನ ಕಾಲೇಜಿನ ಮಾತಿನಲ್ಲಿ ಅಂತರರಾಷ್ಟ್ರೀಯ ಭದ್ರತೆಯಲ್ಲಿ ಎಂ.ಎ. ಅಂದುಕೊಳ್ಳಿ. ಹೆಸರು ಹೊಸದು, ಜಗಳ ಹಳೆಯದು!

ಆ ವರ್ಷದ ತರಗತಿಯಲ್ಲಿ ಕಲಿದೇವನೇ ಮೊದಲಿಗ. ಯಾವ ಯುದ್ಧ ಯಾವ ವರ್ಷ, ಯಾರ ಬಳಿ ಎಷ್ಟು ಆನೆ, ಕೇಳಿದರೆ ಸಾಕು, ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದ. ಕೊನೆಯ ಪರೀಕ್ಷೆಗೆ ಗುರುಗಳು ಅವನಿಗೊಂದು ಕೆಲಸ ಕೊಟ್ಟರು. "ಹದಿನೈದು ದಿನ ಗಡಿಯಲ್ಲಿರು. ಕೆಳಸೀಮೆಯಿಂದ ನಮಗೆ ಅಪಾಯ ಇದೆಯೋ ಇಲ್ಲವೋ, ಬರೆದು ತಾ."

ಕಲಿದೇವ ಹೊಳೆಯ ಈ ದಡದ ಗುಡ್ಡ ಹತ್ತಿ ಕೂತ. ಆ ದಡದಲ್ಲಿ ಹೊಗೆ ಏಳುತ್ತಿತ್ತು. ಅವನ ಪಠ್ಯದಲ್ಲಿ ಒಂದು ಸೂತ್ರವಿತ್ತು: ಗಡಿಯಲ್ಲಿ ಒಂದು ಹೊಗೆ ಎದ್ದರೆ ಇಪ್ಪತ್ತು ಸೈನಿಕರು ಎಂದು ತಿಳಿ. ಮೊದಲ ದಿನ ನಲವತ್ತೊಂದು ಹೊಗೆ. ವಾರ ಕಳೆದ ಮೇಲೆ ಐವತ್ತೇಳು. ಉದ್ದುದ್ದ ಕೋಲುಗಳನ್ನು ಹೇರಿದ ಗಾಡಿಗಳೂ ಬರುತ್ತಿದ್ದವು. "ಈಟಿಯ ಕಾವುಗಳು" ಎಂದು ಬರೆದುಕೊಂಡ.

ಗುಡ್ಡದ ಬುಡದಲ್ಲಿ ದೋಣಿಯವನು ದಿನಾ ಕೂಗುತ್ತಿದ್ದ. "ಬುದ್ಧೀ, ಆ ದಡಕ್ಕೆ ಬರ್ತೀರಾ? ಹತ್ತು ನಿಮಿಷದ ದಾರಿ."

"ಬೇಡಪ್ಪಾ," ಎನ್ನುತ್ತಿದ್ದ ಕಲಿದೇವ. "ಯಾರನ್ನು ಅಧ್ಯಯನ ಮಾಡುತ್ತೇವೋ ಅವರ ಜೊತೆ ಬೆರೆತರೆ ಅಧ್ಯಯನದ ಶುದ್ಧಿ ಕೆಡುತ್ತದೆ."

ದೋಣಿಯವನು ತಲೆ ಕೆರೆದುಕೊಂಡು ಹೋಗುತ್ತಿದ್ದ. ಪಾಪ, ಅವನು ಎಂ.ಎ. ಓದಿರಲಿಲ್ಲ.

ಇನ್ನೂರು ಓಲೆಗರಿಗಳ ಗ್ರಂಥ ಸಿದ್ಧವಾಯಿತು. ತೀರ್ಮಾನ: "ಸಾವಿರದ ನೂರ ನಲವತ್ತು ಸೈನಿಕರು. ಯುದ್ಧ ಖಚಿತ." ನ್ಯಾಯವಾಗಿ ಅದು ಮೊದಲು ಗುರುಗಳ ಕೈಗೆ ಹೋಗಬೇಕು. ಆದರೆ ಅರಮನೆಯಲ್ಲಿ ಗಡಿ ಸಲಹೆಗಾರನ ಹುದ್ದೆ ಖಾಲಿ ಇತ್ತಲ್ಲ! ಕಲಿದೇವ ಒಂದು ಪ್ರತಿಯನ್ನು ನೇರವಾಗಿ ಮಂತ್ರಿ ಗೋವಿಂದರಸನಿಗೆ ಮುಟ್ಟಿಸಿದ. ಗೋವಿಂದರಸ ಅದೇ ಪೀಠದ ಹಳೆಯ ವಿದ್ಯಾರ್ಥಿ, ಅದೇ ಸೂತ್ರ ಬಾಯಿಪಾಠ ಮಾಡಿದವನು. ಎರಡೇ ದಿನದಲ್ಲಿ ಮೇಲ್ಸೀಮೆಯ ಸೈನ್ಯ ಹೊಳೆದಂಡೆಗೆ ಬಂದು ಬೀಡುಬಿಟ್ಟಿತು.

ಆ ಕಡೆಯವರಿಗೂ ಕಣ್ಣಿದೆ. ಮೂರನೆಯ ದಿನ ಎದುರು ದಡದಲ್ಲೂ ಈಟಿಗಳು ಮಿಂಚಿದವು.

ಕಲಿದೇವ ಕುಣಿಯುತ್ತಾ ಗುರುಗಳ ಬಳಿ ಓಡಿದ. "ಗುರುಗಳೇ, ನೋಡಿದಿರಾ! ನಾನು ಬರೆದದ್ದು ಅಕ್ಷರಶಃ ನಿಜವಾಯಿತು!"

ಬಾಚಯ್ಯನವರ ಮುಖ ಕೆಂಪೇರಿತು. "ನಿಜವಾಗಲಿಲ್ಲವೋ ಅಯೋಗ್ಯ! ನೀನೇ ನಿಜ ಮಾಡಿದೆ! ನಿನ್ನ ಗ್ರಂಥ ಮೊದಲು ಹೊರಟಿತೋ, ಅವರ ಸೈನ್ಯ ಮೊದಲು ಹೊರಟಿತೋ? ನನಗೆ ತೋರಿಸದೆ ಅಲ್ಲಿಗೆ ಏಕೆ ಕೊಟ್ಟೆ?"

"ತುರ್ತು ಇತ್ತು, ಗುರುಗಳೇ..."

"ತುರ್ತು ದೇಶಕ್ಕಿತ್ತೋ, ನಿನ್ನ ಹುದ್ದೆಗಿತ್ತೋ? ನಡೆ, ದೋಣಿ ಹತ್ತು!"

ಬಿಳಿ ಬಟ್ಟೆ ಕಟ್ಟಿದ ಕೋಲು ಹಿಡಿದು ಗುರುಶಿಷ್ಯರು ಹೊಳೆ ದಾಟಿದರು. ಆ ಕಡೆಯ ಪಡೆಯವರು ಜೋಳಿಗೆ ತಡಕಿ, ಗ್ರಂಥ ಬಿಟ್ಟು ಬೇರೇನೂ ಇಲ್ಲವೆಂದು ಕಂಡು ಒಳಗೆ ಬಿಟ್ಟರು. ಅಲ್ಲಿ ಕಂಡದ್ದೇನು? ಸಾಲು ಸಾಲು ಆಲೆಮನೆಗಳು! ಗಾಣ ನಿಂತಿದೆ. ಒಲೆಗಳು ಆರಿವೆ. ಕಡಿದ ಕಬ್ಬಿನ ರಾಶಿ ಬಿಸಿಲಿಗೆ ಬಾಡುತ್ತಿದೆ. ರಾಶಿಯ ಪಕ್ಕ ಆಲೆಮನೆಯ ಒಡತಿ ದೇಕವ್ವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ.

"ಓದು," ಎಂದರು ಗುರುಗಳು. "ಈ ತಾಯಿಗೆ ನಿನ್ನ ಗ್ರಂಥ ಓದಿ ಹೇಳು."

ಕಲಿದೇವ ತೊದಲುತ್ತಾ ಓದಿದ. ಹೊಗೆ ಐವತ್ತೇಳು. ಸೈನಿಕರು ಸಾವಿರದ ನೂರ ನಲವತ್ತು.

"ಏನಂದೆ?" ದೇಕವ್ವೆ ಒಂದು ಹೆಜ್ಜೆ ಮುಂದೆ ಬಂದಳು. "ಇಲ್ಲಿ ಒಲೆಗೆ ಐದಾರು ಜನ. ಅದರಲ್ಲೂ ನನ್ನಂಥ ಮುದುಕಿಯರೇ ಜಾಸ್ತಿ. ನಾನೂ ನಿನ್ನ ಸೈನ್ಯದಲ್ಲಿ ಇದೀನೇನೋ? ನಿಮ್ಮೋರು ಬಂದರು ಅಂತ ನಮ್ಮೋರು ಬಂದರು. ಬಂದವರೇ ಒಲೆಗೆ ನೀರು ಹುಯ್ದರು, ಹೊಗೆ ಕಂಡರೆ ಬಾಣ ಬರುತ್ತಂತೆ! ಕಡಿದ ಕಬ್ಬು ಕಾಯುತ್ತಾ? ಕಬ್ಬಿನ ಹಾಲು ಹುಳಿಯಾದರೆ ಬೆಲ್ಲ ಅಚ್ಚು ಕಟ್ಟಲ್ಲ. ವರ್ಷದ ಅನ್ನ ಕಣೋ ಇದು, ನಮ್ಮ ಐವತ್ತೇಳು ಮನೆಯ ಅನ್ನ! ಅಷ್ಟು ಓದಿದೋನು, ದೋಣಿ ಹತ್ತಿ ಬಂದು 'ಏನವ್ವಾ ಈ ಹೊಗೆ' ಅಂತ ಕೇಳೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?"

ಶುದ್ಧಿ, ಅಧ್ಯಯನ ಎಂದೇನೋ ಹೇಳಲು ಹೋದ ಕಲಿದೇವ. ಅರ್ಧಕ್ಕೇ ಬಿಟ್ಟು, ಗ್ರಂಥವನ್ನು ಜೋಳಿಗೆಗೆ ತುರುಕಿ ದೋಣಿಯತ್ತ ನಡೆದ.

ಗುರುಗಳ ಜೊತೆ ತಿರುಗಿ ಬಂದು ಮಂತ್ರಿಯ ಬಿಡಾರದಲ್ಲಿ ಎಲ್ಲರೆದುರು ಹೇಳಿದ. "ನನ್ನ ಗ್ರಂಥ ತಪ್ಪು. ಅದು ಬೆಲ್ಲದ ಹೊಗೆ."

ಗೋವಿಂದರಸ ನಕ್ಕ. "ಬರೆದಾಗ ತಪ್ಪಿರಬಹುದಪ್ಪಾ. ಈಗ ಅಲ್ಲಿ ಸೈನ್ಯ ಇದೆಯಲ್ಲ? ಅಂದ ಮೇಲೆ ಸರಿಯೇ ಆಯಿತು. ಹುದ್ದೆ ನಿನ್ನದು. ನಾಳೆ ಬೆಳಗ್ಗೆ ಹೊಳೆ ದಾಟುತ್ತೇವೆ."

ನೋಡಿ, ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆಯೋ ಇಲ್ಲವೋ! ಕಲಿದೇವನಿಗೂ ಉರಿಯಿತು, ಮೊದಲ ಸಲ ತನ್ನ ಮೇಲೆಯೇ. ಸುಮ್ಮನಿದ್ದರೆ ಹುದ್ದೆ, ಪಲ್ಲಕ್ಕಿ. ಬಾಯಿ ಬಿಟ್ಟರೆ ತಲೆಗೇ ಸಂಚಕಾರ.

"ಹುದ್ದೆ ಬೇಡ," ಎಂದ. "ನಮ್ಮ ಸೈನ್ಯ ಒಂದು ಹರದಾರಿ ಹಿಂದೆ ಸರಿಯಲಿ. ನಾನು ಆ ದಡದಲ್ಲಿ ಒತ್ತೆ ಕೂರುತ್ತೇನೆ. ನಾವು ಮೋಸ ಮಾಡಿದರೆ ಅವರು ನನ್ನ ತಲೆ ತೆಗೆಯಲಿ."

"ನಿನ್ನ ತಲೆಗೆ ಅವರ ಹತ್ತಿರ ಏನು ಬೆಲೆಯೋ ಹುಡುಗಾ?"

"ಬೆಲೆ ಸಾಲದಿದ್ದರೆ ನನ್ನದನ್ನೂ ಸೇರಿಸಿಕೋ," ಎಂದರು ಬಾಚಯ್ಯನವರು. "ಗೋವಿಂದಾ, ಆ ಹಾಳು ಸೂತ್ರ ನಿನಗೆ ಕಲಿಸಿದವನು ನಾನೇ. ನನ್ನ ಮೇಲೂ ನನಗೆ ಸಿಟ್ಟಿದೆ. ಈಗ ನಿನ್ನ ಗುರುವಿನ ತಲೆಯ ಮೇಲೆ ಬಾಣ ಬಿಡುವುದಾದರೆ ಹೊಳೆ ದಾಟು!"

ಮಂತ್ರಿಯ ನಗು ನಿಂತಿತು. ಗುರುವಿನ ಮುಖ ನೋಡಲಾರದೆ ತಲೆ ತಗ್ಗಿಸಿದ. ಮರುದಿನ ಗುರುಶಿಷ್ಯರು ಆ ದಡದಲ್ಲಿ ಒತ್ತೆ ಕೂತರು, ಇವರ ಸೈನ್ಯ ಹರದಾರಿ ದೂರ ಸರಿಯಿತು. ಆ ಕಡೆಯವರು ಒಂದು ದಿನ ಅನುಮಾನದಿಂದ ನೋಡಿ, ಅದರ ಮಾರನೆಯ ದಿನ ತಾವೂ ಸರಿದರು. ಆಲೆಮನೆಗಳ ಒಲೆ ಮತ್ತೆ ಹತ್ತಿತು. ಅಷ್ಟರಲ್ಲಿ ಅರ್ಧ ಕಬ್ಬು ಕೆಟ್ಟುಹೋಗಿತ್ತು.

ಕಲಿದೇವನಿಗೆ ಆ ವರ್ಷ ಪದವಿ ಸಿಗಲಿಲ್ಲ. ಗುರುಗಳು ಗ್ರಂಥದ ಮೇಲೆ "ಅನುತ್ತೀರ್ಣ" ಎಂದು ಬರೆದು, ಪಠ್ಯದಿಂದ ಆ ಸೂತ್ರವನ್ನೂ ಹೊಡೆದುಹಾಕಿದರು. ಒತ್ತೆಯಿಂದ ಬಿಡುಗಡೆಯಾದರೂ ಕಲಿದೇವ ಮನೆಗೆ ಹೋಗದೆ ದೇಕವ್ವೆಯ ಮುಂದೆ ಬಂದು ಕೈಮುಗಿದ.

"ಅವ್ವಾ, ನನ್ನನ್ನು ಕ್ಷಮಿಸು."

ದೇಕವ್ವೆ ಗಾಣದಿಂದ ಕಣ್ಣು ಎತ್ತಲಿಲ್ಲ. "ಕ್ಷಮೆ ಆಮೇಲೆ ನೋಡೋಣ. ಮೊದಲು ಆ ಹೊರೆ ಎತ್ತಿಕೊಂಡು ಬಾ."

ನೀತಿ: ನೆರೆಯವನಿಂದ ನಮಗೆಷ್ಟು ಭಯ ಎಂದು ಅಳೆಯುವ ಮೊದಲು, ನಮ್ಮಿಂದ ಅವನಿಗೆಷ್ಟು ಭಯ ಎಂದು ಅಳೆಯಬೇಕು. ಹೋಗಿ ಕೇಳಬಹುದಾದದ್ದನ್ನು ದೂರ ಕೂತು ಊಹಿಸುವ ಪಾಂಡಿತ್ಯ ದೇಶ ಕಾಯುವುದಿಲ್ಲ, ಇಲ್ಲದ ಶತ್ರುವನ್ನು ಹುಟ್ಟಿಸುತ್ತದೆ. ತಪ್ಪು ಬರೆದವನು ಒಪ್ಪಿಕೊಂಡರೆ ಸಾಲದು, ಅದನ್ನು ಸರಿಪಡಿಸಲು ತಾನೇ ಹೆಗಲು ಕೊಡಬೇಕು.