ಸಂಕವ್ವನ ನೀಲಿ ಬಾನಿ

ಬಹಳ ಹಿಂದೆ, ಯಾರ ಆಳ್ವಿಕೆಯೋ ಹೇಳುವವರಿಲ್ಲ, ಹೊಳೆದಂಡೆಯ ಒಂದೂರಲ್ಲಿ ಸಂಕವ್ವ ಎಂಬ ಬಣ್ಣಗಾರ್ತಿ ಇದ್ದಳಂತೆ. ದೊಡ್ಡ ಬಾನಿಗಳಲ್ಲಿ ಬಣ್ಣ ಕಲಸಿ ನೂಲು ಅದ್ದುವುದು ಅವಳ ಕಸುಬು. ಆದರೆ ಹತ್ತೂರಿನ ಜನ ಅವಳ ಬಾಗಿಲಿಗೆ ಬರುತ್ತಿದ್ದುದು ಮೈಮೇಲೆ ಎದ್ದ ಗಂಟು ತೋರಿಸಲು.

ಮಾಂಸಕ್ಕೆ, ನರಕ್ಕೆ, ಕೊಬ್ಬಿಗೆ ಬೇರೆಬೇರೆ ಸತ್ವವಿದೆ, ಒಂದೊಂದು ಸತ್ವ ತನ್ನ ಬಣ್ಣವನ್ನಷ್ಟೇ ಹಿಡಿಯುತ್ತದೆ ಅನ್ನುತ್ತಿದ್ದಳಂತೆ. ವೈದ್ಯ ದ್ಯಾಮಣ್ಣ ಗಂಟಿನಿಂದ ಅಕ್ಕಿಕಾಳಷ್ಟು ಎರಡು ಚೂರು ತೆಗೆದು ಕೊಡುವನು. ಅವಳು ಒಂದನ್ನು ಕೆಂಪು ಬಾನಿಯಲ್ಲಿ, ಇನ್ನೊಂದನ್ನು ನೀಲಿ ಬಾನಿಯಲ್ಲಿ ಅದ್ದಿ ತೊಳೆಯುವಳು. ಕೆಂಪು ನಿಂತು ನೀಲಿ ಬಿಟ್ಟರೆ ಅದು ಜೀವ ತಿನ್ನುವ ಗಂಟು. ಕೈಯೋ ಕಾಲೋ ಹೋಗಲೇಬೇಕು. ಎರಡೂ ನಿಂತರೆ ಸಾಧು ಗಂಟು. ಅದರ ಪಾಡಿಗೆ ಬಿಡಬಹುದು. ಬರುವವರಿಗೆ ಕೊನೆಯೇ ಇರಲಿಲ್ಲವಂತೆ. ಪಾಪ, ಬಾನಿಯ ಅಂಚಿಗೆ ತಲೆಯಾನಿಸಿ ಕೂತಲ್ಲೇ ತೂಕಡಿಸುವಳಂತೆ.

ಒಂದು ದಿನ ನೇಕಾರರ ಚೆನ್ನವೀರವ್ವ ಬಂದಳು. ಬಲಗೈಯಲ್ಲಿ ಗಂಟು. ಅಂದು ಬಾನಿಯ ನೀಲಿ ಇನ್ನೂ ಹುಳಿ ಬಂದಿರಲಿಲ್ಲ. ಹುಳಿ ಬರದ ನೀಲಿ ಯಾವುದಕ್ಕೂ ಹತ್ತದು. ಎರಡು ದಿನ ಕಾಯಬೇಕಿತ್ತು. ಬಂದವರು ಅವಸರ ಮಾಡಿದರು, ಸಂಕವ್ವನಿಗೂ ಸಾಕುಸಾಕಾಗಿತ್ತು. ಕೆಂಪು ನಿಂತದ್ದನ್ನಷ್ಟೇ ನೋಡಿ ಕೆಟ್ಟದ್ದು ಅಂದುಬಿಟ್ಟಳು. ದ್ಯಾಮಣ್ಣ ಆ ಕೈಯನ್ನು ಕೊಯ್ದು ತೆಗೆದ.

ಮೂರನೇ ದಿನ ನೀಲಿ ಹದಕ್ಕೆ ಬಂತು. ಉಳಿದ ಚೂರನ್ನು ಅದ್ದಿದಳು. ಎಷ್ಟು ತೊಳೆದರೂ ನೀಲಿ ಹೋಗಲಿಲ್ಲವಂತೆ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವಳು ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನೇಕಾರರ ಓಣಿಗೆ ನಡೆದಳಂತೆ. ನಿನ್ನ ಕೈ ಸುಮ್ಮನೆ ಹೋಯಿತು ತಾಯಿ, ತಪ್ಪು ನನ್ನದು ಅಂದಳಂತೆ. ಚೆನ್ನವೀರವ್ವ ಬಾಗಿಲು ಹಾಕಿಕೊಂಡಳು. ಹನ್ನೆರಡು ವರ್ಷ ಸಂಕವ್ವನ ಜೊತೆ ಮಾತಾಡಲಿಲ್ಲ ಅನ್ನುತ್ತಾರೆ.

ಹದಿಮೂರನೇ ವರ್ಷ ಅವಳೇ ಬಂದಳು, ಮಗಳನ್ನು ಕರೆದುಕೊಂಡು. ಮಗಳ ಎಡಗೈಯಲ್ಲಿ ಗಂಟು. ಕೆಂಪು ನಿಂತಿತು. ಈ ಸಲ ಸಂಕವ್ವ ಅವಸರ ಮಾಡಲಿಲ್ಲ. ನೀಲಿ ಹುಳಿ ಬರುವ ತನಕ ಮೂರು ದಿನ ಬಾನಿಯ ಪಕ್ಕ ಕೂತಳು. ಚೂರು ಅದ್ದಿದಳು, ನೀಲಿ ಬಿಟ್ಟಿತು. ಇನ್ನೊಂದು ಚೂರು ತರಿಸಿ ಅದ್ದಿದಳು, ಅದೂ ಬಿಟ್ಟಿತು. ಬಾನಿಯೇ ಸರಿಯಿಲ್ಲವೇನೋ ಎಂದು ಆಸೆಯಿಂದ ಒಂದೆಳೆ ನೂಲು ಅದ್ದಿದಳು. ನೂಲು ಕಡುನೀಲಿಯಾಯಿತು.

ಆ ತಾಯಿಯ ಮುಂದೆ ನಿಂತು ಈ ಮಾತು ಹೇಗೆ ಹೇಳುವುದು? ಆದರೂ ಹೇಳಿದಳು, ಮಗಳ ಕೈ ಹೋಗಲೇಬೇಕು ಎಂದು. ಈ ಮುದುಕಿಯನ್ನು ಮತ್ತೆ ನಂಬುತ್ತೀಯಾ ಎಂದು ಊರವರು ರೇಗಿದರು. ಚೆನ್ನವೀರವ್ವ ಮೋಟುಗೈಯನ್ನು ಸೆರಗಿನಿಂದ ಹೊರತೆಗೆದಳಂತೆ.

"ಅಂದು ತಪ್ಪಾತು ಅಂತ ತಾನಾಗೇ ಬಂದು ಹೇಳಿದಾಕಿ ಈಕಿ. ಇಂದು ನನಗ ಸುಳ್ಳು ಹೇಳಾಂಗಿಲ್ಲ. ಕೊಯ್ಯಪಾ ದ್ಯಾಮಣ್ಣ."

ಮಗಳು ಉಳಿದಳು. ತಾಯಿಯ ಎಡಗೈ, ಮಗಳ ಬಲಗೈ, ಒಂದೇ ಮಗ್ಗ. ಹಾಗೆ ಸೀರೆ ನೇಯ್ದರಂತೆ. ಮೊದಲ ಸೀರೆ ಸಂಕವ್ವನಿಗೆ ಉಡಿಸಿದರಂತೆ. ಅದನ್ನುಟ್ಟು ಮಲಗಿದವಳು ಮೂರು ದಿನ ಏಳಲಿಲ್ಲ ಅನ್ನುತ್ತಾರೆ. ಏಳಲೇ ಇಲ್ಲ ಅನ್ನುವವರೂ ಇದ್ದಾರೆ.

ಇಂದಿಗೂ ಆ ಊರಲ್ಲಿ ಯಾರ ಮೈಮೇಲಾದರೂ ಗಂಟು ಎದ್ದರೆ ಆ ಮನೆಯ ಬಾಗಿಲಿಗೆ ಒಂದೆಳೆ ನೀಲಿ ನೂಲು ಕಟ್ಟುತ್ತಾರೆ. ದೊಡ್ಡಾಸ್ಪತ್ರೆಯಿಂದ ಉತ್ತರ ಬರುವ ತನಕ ಬಿಚ್ಚುವುದಿಲ್ಲ. ಆ ನೂಲು ಕಂಡವರು ಏನಾಯಿತು ಎಂದು ಕೇಳುವುದಿಲ್ಲ. ಒಳಗೆ ಬಂದು ಸುಮ್ಮನೆ ಜೊತೆಗೆ ಕೂರುತ್ತಾರೆ.